ಮಸಿ ಬಂದ ದಾರಿ

ಮೊದಲು ಕಂಡದ್ದು ದಿಂಬಿನ ಚೀಲದ ಮೇಲೆ.
ಬೆರಳಾಡಿಸಿದೆ, ಗೆರೆ ಮೂಡಿತು.
ಆಮೇಲೆ ಸಕ್ಕರೆ ಡಬ್ಬಿಯ ಮುಚ್ಚಳ, ಬ್ರೆಡ್ಡು ಕುಯ್ಯುವ ಹಲಗೆ,
ಅತ್ತೆ ಕಸೂತಿ ಹಾಕಿದ ಟವೆಲಿನ ಕೆಂಪು ಹುಂಜಗಳು,
ಒಂದೊಂದಕ್ಕೂ ಮೀಸೆ ಬಂದಿತ್ತು.

"ನಿನ್ನ ಟೋಸ್ಟು," ಅಂದ ಓರೆಸ್ಟ್.
"ನಿನ್ನ ಟ್ರಕ್ಕು," ಅಂದೆ ನಾನು.
ಮೂವತ್ತೆಂಟು ವರ್ಷ ಸಂಸಾರ ಮಾಡಿದವರಿಗೆ
ಇಷ್ಟು ಸಾಕು, ಮುಂದಿನ ಜಗಳ ತಾನಾಗಿ ನಡೆಯುತ್ತದೆ.

ಸ್ವಿಫ್ಟ್ ಕರೆಂಟ್ ದಾಟಿ ಪಶ್ಚಿಮಕ್ಕೆ ಹೊರಟಿದ್ದೆವು.
ಎರಡೂ ಕಡೆ ಕೆನೋಲಾ ಹಳದಿ, ಕಣ್ಣು ಸೋಲುವಷ್ಟು.
ಮುಂದೆ ಹಳೇ ಡೀಸೆಲ್ ಟ್ರಕ್ಕು, ಏರು ಬಂದಲ್ಲೆಲ್ಲ ಕೆಮ್ಮುತ್ತ,
ಹಿಂದೆ ಕೊಂಡಿಗೆ ಸಿಕ್ಕಿಸಿಕೊಂಡ ನಮ್ಮ ಚಕ್ರದ ಮನೆ,
ಅದರೊಳಗೆ ಹಾಸಿಗೆಯ ಮೇಲೆ ಟಿಂಕರ್,
ಸೊಂಟ ಬಿದ್ದು ಟ್ರಕ್ಕಿನ ಸೀಟು ಹತ್ತಲಾರದ ಮುದಿ ನಾಯಿ.

ಮೇಪಲ್ ಕ್ರೀಕಿನಲ್ಲಿ ವಿನೆಗರ್ ನೀರಿನಿಂದ ಎಲ್ಲ ಒರೆಸಿದೆ.
ಬಿಳಿ ಟೇಪು ತಂದು, ಅಂಟು ಮೇಲಾಗಿ ಮಡಿಸಿ,
ಸಂದು ಕಂಡಲ್ಲೆಲ್ಲ ಇಟ್ಟೆ. ಬಾಗಿಲ ಬುಡ, ಕಿಟಕಿಯ ರಬ್ಬರು,
ಫ್ರಿಜ್ಜಿನ ಬೆನ್ನು, ಸಿಂಕಿನ ಕೆಳಗೆ ಡ್ರಾಯರುಗಳ ಹಿಂದೆ.
ಒಂದೊಂದಕ್ಕೂ ನಂಬರು ಬರೆದೆ.
ಶಾಲಾ ಬಸ್ಸು ಓಡಿಸಿ ದಿನಕ್ಕೆರಡು ಸಲ ಮಕ್ಕಳ ತಲೆ ಎಣಿಸಿದವಳು.
ಗುಡ್ಡದ ದಾರಿಯಲ್ಲಿ ನಲವತ್ತು ಕಿಲೋಮೀಟರು ಹೋಗಿ ಬಂದೆವು.
ಹನ್ನೊಂದರವರೆಗೆ ಹಾಲಿನಂತಿದ್ದವು.
ಹನ್ನೆರಡು ಒಲೆಗೂಡಾಗಿತ್ತು.

ರಾತ್ರಿ ಅವನು ಟಾರ್ಚು ಹಿಡಿದು ಟ್ರೇಲರಿನಡಿಗೆ ತೆವಳಿದ.
ನಾನು ದೀಪ ಆರಿಸಿ, ಡ್ರಾಯರು ಕಿತ್ತಿಟ್ಟು, ಮೊಣಕಾಲೂರಿದೆ.
"ಕಾಣ್ತಾ?"
"ಇಲ್ಲ."
"ಈಗ?"
"ಇಲ್ಲ."
"ಈಗ, ವರ್ನಾ?"
ನೀರಿನ ಕೊಳವೆಯ ಪಕ್ಕ, ಹೊಲಿಗೆ ಬಿಟ್ಟಲ್ಲಿ,
ಒಂದು ಬೆಳಕಿನ ಎಳೆ ಎದ್ದು ನಿಂತಿತು.
ಅಲ್ಲಿ ತುರುಕಿದ್ದ ಫೋಮು
ಯಾವುದೋ ಇಲಿಯ ಬಾಣಂತನಕ್ಕೆ ಹೋಗಿತ್ತು.
"ನೋಡಿದೆಯಾ! ನಿನ್ನ ಟ್ರಕ್ಕೇ!"
ನೆಲದ ತೂತಿಗೆ ಬಾಯಿಟ್ಟು ಕೂಗಿದೆ.

ಪಕ್ಕದ ಬಿಡಾರದ ಲ್ಯೂಡ್ವಿಕ್,
ಧಾನ್ಯದ ಎಲಿವೇಟರಿನಲ್ಲಿ ಮೂವತ್ತು ವರ್ಷ ಧೂಳು ಕುಡಿದವನು,
ಗಲಾಟೆ ಕೇಳಿ ಕೋಲೂರಿಕೊಂಡು ಬಂದ.
ತೂತು ನೋಡಲೇ ಇಲ್ಲ. ಕತ್ತೆತ್ತಿ ಚಾವಣಿ ನೋಡಿದ.
"ಓಡುವಾಗ ಆ ಕಿಂಡಿ ತೆರೆದಿರುತ್ತಾ?"
"ನಾಯಿಗೆ ಗಾಳಿ ಬೇಡವಾ?"
"ಮೇಲೆ ಬಾಯಿ ತೆರೆದ ಮನೆ
ಕೆಳಗೆ ಅಂಗಾಲಿನಿಂದ ಕುಡಿಯುತ್ತೆ," ಅಂದ. ಅಷ್ಟೇ. ಹೋದ.

ಎಂಟು ಸುತ್ತು.
ದಿನಾ ಬೆಳಿಗ್ಗೆ ಹೊರಡುವ ಮುಂಚೆ ಆ ಹಿಡಿಯನ್ನು
ಎಂಟು ಸುತ್ತು ತಿರುಗಿಸಿ ಕಿಂಡಿ ತೆರೆದದ್ದು ನಾನು.
ಪಾಪ, ಉಸಿರಾಡಲಿ ಅಂತ.

ಮಸಿಯೊಂದೇ ಬಂದಿದ್ದರೆ ಒರೆಸಿ ಮರೆಯಬಹುದಿತ್ತು.
ಬಣ್ಣವಿಲ್ಲದ್ದು, ವಾಸನೆಯಿಲ್ಲದ್ದು, ಅದರ ಜೊತೆಗೇ ಬಂದಿದೆ,
ಮಸಿ ಬರೀ ಅದರ ಸಹಿ.
ಸಂಜೆ ಇಳಿಸಿದಾಗ ಟಿಂಕರ್ ತೂರಾಡುತ್ತಿದ್ದದ್ದು,
ಬಟ್ಟಲು ಮೂಸದೆ ಗಾಲಿಯ ಪಕ್ಕ ಮಲಗಿದ್ದು,
ಎಲ್ಲ ವಯಸ್ಸು ಅಂದುಕೊಂಡಿದ್ದೆವು.
ನಮ್ಮ ಕಾಲದವರಿಗೆ ಅದೊಂದು ಗೂಟ,
ಏನು ಬೇಕಾದರೂ ನೇತುಹಾಕಬಹುದು.
ಬರೆದದ್ದು ಎದುರಿಗೇ ಇತ್ತು, ದಿಂಬಿನ ಮೇಲೆ, ಕಪ್ಪಾಗಿ.
ಓದಲು ಒಂಬತ್ತು ದಿನ ಹಿಡಿಯಿತು.

ಓರೆಸ್ಟ್ ಏನೂ ಅನ್ನಲಿಲ್ಲ.
ಗೆದ್ದ ಮೇಲೆ ಸುಮ್ಮನಿರುವುದನ್ನು ಯಾವಾಗ ಕಲಿತನೋ.
ಬೆಳಿಗ್ಗೆ ತೂತಿಗೆ ಸ್ಟೀಲ್ ವೂಲು ತುರುಕಿದ, ಇಲಿಯ ಹಲ್ಲಿಗೆ;
ಮೇಲೆ ಫೋಮು, ನನ್ನ ಸಮಾಧಾನಕ್ಕೆ.
ಹೊಗೆ ಕೊಳವೆಗೆ ಪಕ್ಕಕ್ಕೆ ತಿರುಗುವ ಮೊಣಕೈ ಹಾಕಿಸಿದ.
ಬಿಯರ್ ಕ್ರೇಟು ಬೋರಲು ಹಾಕಿ ಮೆಟ್ಟಿಲು ಮಾಡಿದ.
ಟಿಂಕರ್ ಈಗ ನಮ್ಮಿಬ್ಬರ ನಡುವೆ, ಗೇರಿಗೆ ತಲೆಯಾನಿಸಿ;
ನಾಲ್ಕನೇ ಗೇರು ಬೀಳಬೇಕಾದರೆ ಅದನ್ನು ಎಬ್ಬಿಸಬೇಕು.

ಆದರೆ ಅದಕ್ಕೂ ಮೊದಲು, ಆ ರಾತ್ರಿಯೇ,
ಒದ್ದೆ ಬಟ್ಟೆಯಿಂದ ಅದರ ಮೂಗಿನ ಹೊಳ್ಳೆ ಒರೆಸಿದೆ.
ಕಪ್ಪು.
ಮಡಿಕೆ ತಿರುಗಿಸಿ ಒರೆಸಿದೆ, ಬೂದಿ.
ಮತ್ತೆ ತಿರುಗಿಸಿದೆ.
ಆಟವೆಂದುಕೊಂಡು
ಬಟ್ಟೆಯ ತುದಿ ಕಚ್ಚಿ ಎಳೆಯಿತು.