ನೂರಕ್ಕೊಂದು

ಭಾನುವಾರ ಬೆಳಿಗ್ಗೆ ಆರೂವರೆಗೆ
ಕೆಮ್ಮಣ್ಣಿನ ತೂಗುಸೇತುವೆಯ ಬುಡದಲ್ಲಿ
ಹದಿನಾಲ್ಕು ಜನ ಚಪ್ಪಲಿ ಕಳಚಿ ನಿಂತೆವು.
ಮೊಬೈಲುಗಳನ್ನೆಲ್ಲ ಬೆತ್ತದ ಬುಟ್ಟಿಗೆ ಹಾಕಿ
ಮೇಲೊಂದು ಬೈರಾಸು ಹೊದೆಸಿದ ಶಮಂತ,
ಮಲಗಿದ ಮಗುವಿಗೆ ಹೊದೆಸಿದ ಹಾಗೆ.
"ಇನ್ನು ಮೂರು ಗಂಟೆ ನೀವು ಯಾರೂ ಅಲ್ಲ" ಎಂದ.
ಬುಟ್ಟಿಯೊಳಗೆ ಯಾವುದೋ ಎರಡು ಸಲ ಗುರ್ರೆಂದಿತು.

ಯಾರೂ ಅಲ್ಲದವಳಾಗಲು ಒಂಬೈನೂರು ರೂಪಾಯಿ ಕಟ್ಟಿದ್ದೆ,
ರಸೀದಿ ಪರ್ಸಿನಲ್ಲಿತ್ತು.
ಇಪ್ಪತ್ತಾರು ವರ್ಷ ಸೊಸೈಟಿಯ ಗಾಜಿನ ಹಿಂದೆ
ನೋಟು ಎಣಿಸಿದ ಕೈ.
ನಿದ್ದೆಯಲ್ಲೂ ಹೆಬ್ಬೆರಳು ತೋರುಬೆರಳ ಮೇಲೆ ಜಾರುತ್ತದೆ
ಎಂದು ಗಂಡ ಹೇಳಿದ ಮೇಲೆ,
ಫ್ಯಾನಿನ ಸುತ್ತು, ಮೆಟ್ಟಿಲು, ಎದುರು ಮನೆ ನಾಯಿಯ ಬೊಗಳು
ಎಲ್ಲ ಲೆಕ್ಕಕ್ಕೆ ಸಿಕ್ಕಿ
ಎರಡೂವರೆಗೆ ಎದ್ದು ಕೂತ ಮೇಲೆ
ಡಾಕ್ಟರು ಮಾತ್ರೆ ಅರ್ಧಕ್ಕಿಳಿಸಿ ಕೆಳಗೆ ಬರೆದರು:
ಮಣ್ಣು ಮುಟ್ಟಿ.

ಇಳಿತದ ಹೊತ್ತು. ಹೊಳೆ ಹಿಂದೆ ಸರಿದು
ಕಾಂಡ್ಲಾ ಗಿಡಗಳ ಬೇರೆಲ್ಲ ಬತ್ತಲೆ.
ಪಾದ ಇಟ್ಟೆ. ಕೆಸರು ಮೊದಲು ಬೆರಳ ಸಂದು ಕೇಳಿತು,
ಆಮೇಲೆ ಹಿಮ್ಮಡಿ, ಆಮೇಲೆ
ಮದುವೆಗೆ ಮುಂಚೆ ಗೆಜ್ಜೆಯಿದ್ದ ಜಾಗ.
ಕೊಳೆತ ಎಲೆ, ಉಪ್ಪು, ಹಳೆ ಬಾವಿಹಗ್ಗದ ವಾಸನೆ.

"ಎಣಿಸಬೇಡಿ. ಹೆಸರಿಡಬೇಡಿ. ಉಸಿರು ಬರಲಿ, ಹೋಗಲಿ.
ಬೇರಿನ ಹಾಗೆ ಇಳಿಯಿರಿ." ಶಮಂತನ ದನಿ ತೆಳ್ಳಗೆ.
ಔಷಧದಂಗಡಿಯ ಮೈಮೂನ ಆಗಲೇ ಬೇರಾಗಿದ್ದರು.
ಡ್ರೈವಿಂಗ್ ಸ್ಕೂಲಿನ ಡೆನ್ಜಿಲ್ ಪರ್ಬುಗಳು
ಇಲ್ಲದ ಬ್ರೇಕು ಒತ್ತುತ್ತ ಇನ್ನಷ್ಟು ಹೂಳುತ್ತಿದ್ದರು.
ನಾನು, ಮುಚ್ಚಿದ ಕಣ್ಣೊಳಗೆ,
ನಲವತ್ತೇಳು, ನಲವತ್ತೆಂಟು,
ಉಪವಾಸದ ದಿನ ಕದ್ದು ಬೆಲ್ಲ ತಿಂದವಳಂತೆ.

ಆಗ ಕೇಳಿತು ಎಡಕ್ಕೆ, ನನ್ನದಲ್ಲದ ಎಣಿಕೆ:
ಒಂಜಿ. ಟಕ್. ರಡ್ಡ್. ಟಕ್. ಮೂಜಿ.

ಸೊಂಟದ ತನಕ ನೀರಲ್ಲಿ ಒಬ್ಬ ಹೆಂಗಸು.
ಗಂಡಸರ ಅಂಗಿ, ತಲೆಗೆ ಟವೆಲು, ನಡುವಿಗೆ ಹಗ್ಗ;
ಹಗ್ಗದ ತುದಿಗೆ ಅಲ್ಯೂಮಿನಿಯಂ ಪಾತ್ರೆ
ಕಟ್ಟಿದ ಕರುವಿನಂತೆ ಹಿಂದೆ ಹಿಂದೆ ತೇಲಿ.
ಮೋರೆ ಆಚೆ ದಡಕ್ಕೆ, ಕಣ್ಣು ಎಲ್ಲೋ,
ಕೆಲಸ ಮಾಡುತ್ತಿದ್ದುದು ಕಾಲು:
ಹುಡುಕುತ್ತದೆ, ನಿಲ್ಲುತ್ತದೆ, ಹೆಬ್ಬೆರಳು ಮಡಚುತ್ತದೆ,
ಬಗ್ಗಿ ಎದ್ದರೆ ಕೈಯಲ್ಲಿ ಮರುವಾಯಿ.

ಮೌನದ ವೇಳೆ. ಮಾತಾಡಬಾರದಿತ್ತು. ಮಾತಾಡಿದೆ.
ಜಲಜ ಕುಂದರ್, ಬೆಂಗ್ರೆಯವಳು.
"ಕಣ್ಣು ಮುಚ್ಚುವುದೆಂತಕ್ಕೆ? ನೀರು ಕಲಕಿದ್ರೆ ಅದೇ ಮುಚ್ತದೆ.
ಇಲ್ಲಿ ತುಳಿಯಿರಿ. ಅಲ್ಲಲ್ಲ, ಇಲ್ಲಿ.
ಕಲ್ಲಾದ್ರೆ ಸುಮ್ಮನಿರ್ತದೆ, ಮರುವಾಯಿ ಆದ್ರೆ
ಸ್ವಲ್ಪ ಜಾರ್ತದೆ. ನಾಚಿಕೆ ಅದಕ್ಕೆ."

ಹನ್ನೊಂದು ಕಲ್ಲು, ಒಂದು ಸೋಡಾ ಬಾಟಲಿಯ ಮುಚ್ಚಳ.
ಆಮೇಲೆ ಪಾದದಡಿ ಯಾವುದೋ ಸಣ್ಣದು
ತನ್ನ ಮನೆಯ ಬಾಗಿಲು ಹಾಕಿಕೊಂಡಿತು.

ದಡದಲ್ಲಿ ರಾಶಿ ಸುರುವಿದಳು.
ನೀರಲ್ಲಿ ಎಣಿಸಿದ್ದು ಅಂದಾಜು, ದಡದಲ್ಲಿ ಎಣಿಸಿದ್ದು ಮಾತು.
ಯಾರೂ ಹೇಳಲಿಲ್ಲ, ನನ್ನ ಕೈ ತಾನೇ ಇಳಿಯಿತು.
ಐದೈದರ ಹಿಡಿ, ಇಪ್ಪತ್ತು ಹಿಡಿಗೆ ನೂರು.
ಪ್ರತಿ ನೂರಾದಾಗ ಅವಳು ಒಂದನ್ನು ಬದಿಗಿಡುತ್ತಾಳೆ
ಲೆಕ್ಕ ನೆನಪಿರಲೆಂದು. ಆ ಒಂದು
ಯಾವ ನೂರಕ್ಕೂ ಸೇರುವುದಿಲ್ಲ.
"ಅದನ್ನು ಎಂತ ಮಾಡ್ತೀರಿ?"
"ಹೊಳೆಗೇ ಬಿಡುದು. ಕೆಲಸ ಮಾಡಿದ್ದಲ್ವಾ ಅದು,
ಕೆಲಸ ಮಾಡಿದ್ದನ್ನು ತಿನ್ನುದುಂಟಾ?"
ಆಮೇಲೆ ನನ್ನ ಬೆರಳ ವೇಗ ನೋಡಿ:
"ನೀವು ಮೊದಲು ಯಾವ ಹೊಳೆಯಲ್ಲಿ ಇದ್ದದ್ದು?"
ಕಿನ್ನಿಮುಲ್ಕಿ ಬ್ರಾಂಚು, ಎಂದೆ.

ಭರತ ಏರಿತು. ಬೈರಾಸಿನಡಿಯಿಂದ ಮೊಬೈಲುಗಳು ಎದ್ದವು.
ಕೊನೆಗೊಂದು ಫಾರಮು:
ನಿಸರ್ಗದೊಂದಿಗೆ ಎಷ್ಟು ಬೆರೆತಿರಿ, ಹತ್ತರಲ್ಲಿ?
ಪೆನ್ನು ಹಿಡಿದು ತುಸು ಹೊತ್ತು ನಿಂತು
ಏಳುನೂರ ಇಪ್ಪತ್ತು ಎಂದು ಬರೆದೆ.
ಶಮಂತ ಓದಿ, ಏನೂ ಕೇಳದೆ, ಮಡಚಿ ಜೇಬಿಗಿಟ್ಟುಕೊಂಡ.
ಒಳ್ಳೆ ಹುಡುಗ. ಅವನ ಹಿಮ್ಮಡಿಯೂ ಒಡೆದಿತ್ತು.

ಆ ರಾತ್ರಿ ನಿದ್ದೆ ಬಂತೇ? ಇಲ್ಲ, ಹೇಳಿಬಿಡುತ್ತೇನೆ.
ಎರಡೂವರೆಗೆ ಎಚ್ಚರ. ಉಗುರ ಸಂದಿಯಲ್ಲಿ ಇನ್ನೂ ಹೊಳೆ.
ಮೇಲೆ ಫ್ಯಾನು ಸುತ್ತುತ್ತಿತ್ತು.
ಎಣಿಸಿದೆ, ಮೆಲ್ಲಗೆ, ಐದೈದಾಗಿ,
ನೂರಾದಾಗ
ಒಂದು ಸುತ್ತನ್ನು ಬದಿಗಿಟ್ಟೆ.