ಹತ್ತಕ್ಕೆ ನಾಲ್ಕು

ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದೆ ಮಧುಗಿರಿಯಲ್ಲಿ.
ಬೆಟ್ಟ ಬರೀರಿ ಅಂದರೆ ಸಾಕು,
ಎರಡು ತ್ರಿಕೋನ, ನಡುವೆ ಹುಟ್ಟುವ ಸೂರ್ಯ,
ಒಂದು ಹೊಳೆ, ಹೊಳೆಯಲ್ಲಿ ಬಾತುಕೋಳಿ.
ಈ ಸೀಮೆಯಲ್ಲಿ ಬಾತುಕೋಳಿ ಕಂಡವರು ಯಾರು?

ಕಿಟಕಿಯಾಚೆಗೋ
ಒಂದೇ ಕಲ್ಲು.
ಮಳೆಗೆ ಬೆನ್ನು ಕೊಟ್ಟು ಮಲಗಿದ ಎಮ್ಮೆಯಂಥದ್ದು,
ಸೊಂಟದ ಸುತ್ತ ಕೋಟೆಗೋಡೆಯ ಉಡಿದಾರ.
ಬೆಳಿಗ್ಗೆ ಬೂದಿ, ಹನ್ನೆರಡಕ್ಕೆ ಬಿಳಿ ಬೆಂಕಿ,
ಸಂಜೆ ರಾಗಿ ಮುದ್ದೆಯ ಬಣ್ಣ, ಅದೂ ಬಿಸಿ ಇರುವಾಗಿನದು.
ನೋಡಿ ಬರೀರೋ ಅಂದರೆ
ಒಮ್ಮೆ ಕತ್ತೆತ್ತಿ ನೋಡಿ, ಮತ್ತೆ ಸ್ಕೇಲು ಹಿಡಿದು
ತ್ರಿಕೋನ.

ಮೂಡ್ಲಗಿರಿ ಅಂತೊಬ್ಬ ಹುಡುಗನಿದ್ದ.
ಹಾಜರಿಗೆ ಅವನು "ಬಂದಿದೀನಿ ಸಾ" ಅಂದಾಗೆಲ್ಲ
ನನ್ನ ಕಣ್ಣು ಕಿಟಕಿಗೆ ಹೋಗುತ್ತಿತ್ತು.

ಕ್ಯಾತಮ್ಮ ಹಿಂದಿನ ಬೆಂಚಿನವಳು.
ಗೊಲ್ಲರಹಟ್ಟಿಯಿಂದ ಬರುವಷ್ಟರಲ್ಲಿ ಲಂಗದ ತುಂಬ ಉತ್ತರಾಣಿ ಮುಳ್ಳು.
ಭಾನುವಾರ ಮೇಕೆ, ಮಿಕ್ಕ ದಿನ ಸ್ಕೂಲು.
ಹಾಳೆ ಪೂರ್ತಿ ಸೀಸದಕಡ್ಡಿ ಉಜ್ಜಿ ಉಜ್ಜಿ ಕಪ್ಪು ಮಾಡಿದ್ದಳು,
ಆಕಾಶವಿಲ್ಲ, ಅಂಚಿಲ್ಲ,
ನಡುವೆ ಒಂದು ಬಿಳಿ ಗೀರು,
ಮೂಲೆಯಲ್ಲಿ ರೂಪಾಯಿಯಷ್ಟಗಲ ಖಾಲಿ.
ಏನೇ ಇದು?
"ಬೆಟ್ಟ ಸಾ. ಇದು ನೀರಿಳಿದ ಗುರುತು. ಇದು ದೊಣೆ."
ಬೆಟ್ಟ ಎಲ್ಲೇ?
"ಹತ್ತುವಾಗ ಇಂಗೇ ಸಾ ಕಾಣೋದು."
ಕ್ಲಾಸು ನಕ್ಕಿತು. ನಾನೂ.
ಹತ್ತಕ್ಕೆ ನಾಲ್ಕು ಕೊಟ್ಟೆ,
ಅದರಲ್ಲೊಂದು ಸೀಸದಕಡ್ಡಿ ಸವೆಸಿದ್ದಕ್ಕೆ.

ನಾನು ಹತ್ತಿದ್ದು ರಿಟೈರಾದ ಮೇಲೆ.
ಅಲ್ಲಿಯವರೆಗೆ ಕೆಳಗಿನಿಂದಲೇ ಪ್ರೀತಿಸಿದೆ,
ನೀರುಬಣ್ಣದಲ್ಲಿ, ಇನ್ನೂರು ಸಲ.
ಅರ್ಧ ದಾರಿಗೆ ಮೆಟ್ಟಿಲು ಮುಗಿದು ಬರೀ ಬಂಡೆ,
ಕೊರೆದ ಕಚ್ಚುಗಳಲ್ಲಿ ಹೆಬ್ಬೆರಳು, ಕಂಬಿಗೆ ಕೈ.
ಗಾಳಿ ಅಂಗಿ ಜಗ್ಗಿತು.
ಹೆದರಿ ಬಂಡೆಗೆ ಕೆನ್ನೆ ಕೊಟ್ಟು ಅಂಟಿಕೊಂಡೆ.
ಚೆನ್ನರಾಯನದುರ್ಗ ಬೆನ್ನ ಹಿಂದೆಲ್ಲೋ, ಊರು ಕಾಲಡಿಯಲ್ಲೆಲ್ಲೋ,
ಕಣ್ಣ ಮುಂದೆ ಕಲ್ಲು,
ಆಕಾಶವಿಲ್ಲ, ಅಂಚಿಲ್ಲ,
ಮೂಗಿನ ತುದಿಗೇ ಒಂದು ಬಿಳಿ ಗೀರು.
ಒಳಗಿನಿಂದ ಬಂದಂತೆ ಜೇನಿನ ಮೊರೆತ.
ಕಲ್ಲು ಬೆಚ್ಚಗಿತ್ತು,
ಹಾಲು ಕರೆಯುವಾಗ ಹಣೆಗೆ ತಾಗುವ ಎಮ್ಮೆ ಪಕ್ಕೆಯ ಹಾಗೆ.

ದೊಣೆಯ ತನಕ ಹೋಗಲಾಗಲಿಲ್ಲ.
ಕೂತು ಕೂತು ಜಾರಿ ಇಳಿದೆ, ಪ್ಯಾಂಟಿನ ಹಿಂಭಾಗ ಹರಿಯಿತು.

ಕ್ಯಾತಮ್ಮನನ್ನು ಶಿರಾ ಕಡೆ ಕೊಟ್ಟರಂತೆ ಅಂದರು ಒಬ್ಬರು,
ಅಲ್ಲ, ಪಾವಗಡ ಅಂದರು ಇನ್ನೊಬ್ಬರು.
ಆ ಹಾಳೆ ನಾನು ಇಟ್ಟುಕೊಂಡಿರಲಿಲ್ಲ.

ಈಗ ರಾತ್ರಿ ಊಟವಾದ ಮೇಲೆ
ಬಿಳಿ ಹಾಳೆಗೆ ಸೀಸದಕಡ್ಡಿ ಅಡ್ಡ ಹಿಡಿದು ಉಜ್ಜುತ್ತೇನೆ,
ಕಿರುಬೆರಳ ಬದಿ ಹೊಳೆಯುವ ತನಕ.
ಎಷ್ಟು ಉಜ್ಜಿದರೂ
ಎಲ್ಲೋ ಒಂದು ಕಡೆ ಆಕಾಶ ಉಳಿದುಬಿಡುತ್ತದೆ.