ಹಳದಿ ಬ್ರಶ್ಶು

ಮೊದಲು ಬೈದದ್ದು ತಿರುವಿನ ಪಾನಿಪುರಿಯವನನ್ನು.
ಎಂಟು ತಿಂಗಳ ಕೂಸು ಪಾನಿಪುರಿ ತಿನ್ನುವುದಿಲ್ಲ
ಎಂದು ಯಾರಿಗೂ ಹೊಳೆಯಲಿಲ್ಲ.
ಆಮೇಲೆ ಟ್ಯಾಂಕರ್ ನೀರನ್ನು, ಆಮೇಲೆ ಹಾಲಿನ ಪ್ಯಾಕೆಟ್ಟನ್ನು,
ಆಮೇಲೆ ಕೈಗೆ ಸುಲಭವಾಗಿ ಸಿಕ್ಕವಳನ್ನು.

ದೊಡ್ಡತಾಯಮ್ಮ, ಉಗುರು ತೋರಿಸು ಅಂದೆ.
ಆರು ವರ್ಷ ನನ್ನ ಪಾತ್ರೆ ಬೆಳಗಿದ ಬೆರಳುಗಳನ್ನು
ಶಾಲೆಯ ಮಗುವಿನ ಹಾಗೆ ಮುಂದೆ ಚಾಚಿದಳು.
ಸೋಪುಪುಡಿಯ ಬಿಳುಪು, ಬಿರುಕು. ಅಷ್ಟೇ.
ಆದರೂ ತಿಂಗಳ ಲೆಕ್ಕ ಮುಗಿಸಿ ಕಳಿಸಿದೆ.

ಜ್ವರ ನೂರಾ ಮೂರು. ಲಂಗೋಟಿಯಲ್ಲಿ ರಕ್ತದ ಎಳೆ.
ರಾತ್ರಿ ಎರಡಕ್ಕೆ ರಾಜಾಜಿನಗರದ ಖಾಲಿ ರಸ್ತೆಯಲ್ಲಿ ಆಟೋ
ಹಂಪು ಹಾರಿದಾಗಲೂ ಅದು ಅಳಲಿಲ್ಲ.
ನೆತ್ತಿ ಕುಳಿಬಿದ್ದಿತ್ತು.
ಬತ್ತಿದ ಕೆರೆಯ ಮೇಲೆ ಕೈಯಿಟ್ಟ ಹಾಗೆ
ಕೈಯಿಟ್ಟುಕೊಂಡೇ ಕೂತಿದ್ದೆ.

ಮೂರನೇ ದಿನ ಡಾಕ್ಟರ್ ನಫೀಸಾ ಕೇಳಿದರು,
ಮನೇಲಿ ಏನಾದರೂ ಸಾಕಿದ್ದೀರಾ?
ಇಲ್ಲ. ನಾಯಿಯಿಲ್ಲ, ಬೆಕ್ಕಿಲ್ಲ.
ಐದು ವರ್ಷದ ಧಾತ್ರಿ ನನ್ನ ದುಪಟ್ಟಾ ಎಳೆದಳು:
ಅಮ್ಮಾ, ಬೋಂಡ?

ಬೋಂಡ.
ಶಿವಾಜಿನಗರದ ಅಂಗಡಿಯಲ್ಲಿ ಜೋಡಿಯಾಗಿ ಕೊಂಡದ್ದು,
ಒಂದು ವಾರದಲ್ಲೇ ಸತ್ತಿತು, ಉಳಿದದ್ದು ಇದು.
ಕಿವಿಯ ಜಾಗದಲ್ಲಿ ಕುಂಕುಮ ಎಳೆದಂಥ ಗೆರೆ,
ಬಿಸ್ಕತ್ತಿನಗಲ ಹಸಿರು ಬೆನ್ನು.
ಉತ್ತರಕ್ಕಿಡಿ, ದುಡ್ಡು ನಿಲ್ಲುತ್ತೆ ಅಂದಿದ್ದ ವಾಸ್ತು ಕಲಿತ ಭಾವ.
ಬಾಗಿಲಲ್ಲೇ ಮೂಗು ಮುರಿದವಳು ಒಬ್ಬಳೇ:
'ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ, ಎರಡೂ ಒಂದೇ ಕಣಕ್ಕ.'
ನಾವು ನಕ್ಕಿದ್ದೆವು. ಕಾರಣ ಗಾದೆಗೂ ಗೊತ್ತಿರಲಿಲ್ಲ.

ಡಾಕ್ಟರು ಮೊಬೈಲಿನಲ್ಲಿ ತೋರಿಸಿದರು,
ಲ್ಯಾಬಿನ ಕೆಂಪು ತಟ್ಟೆಯ ಮೇಲೆ ಕಪ್ಪು ಚುಕ್ಕೆಗಳ ಸಾಲು.
ದೃಷ್ಟಿಯಾಗದಿರಲೆಂದು ಕೂಸಿನ ಕೆನ್ನೆಗೆ
ನಾನು ಇಡುವಂಥವೇ.
ಸಾಲ್ಮೊನೆಲ್ಲಾ, ಅಂದರು.
ಆಮೆಗೇನೂ ಆಗಲ್ಲ. ಹೊಟ್ಟೆಯಲ್ಲಿಟ್ಟುಕೊಂಡೇ ಬದುಕುತ್ತೆ,
ನೀರಿಗೆ ಬಿಡುತ್ತೆ, ಚಿಪ್ಪಿಗೆ ಮೆತ್ತುತ್ತೆ, ನೋಡಿದರೆ ತಿಳಿಯಲ್ಲ.
ಹಾವು, ಹಲ್ಲಿ, ಈಗ ಫ್ಲ್ಯಾಟುಗಳಲ್ಲಿ ಸಾಕುವ ಇಗುವಾನ, ಎಲ್ಲದರ ಕತೆಯೂ ಇದೇ.
ದೊಡ್ಡವರಿಗೆ ನಾಲ್ಕು ದಿನ ಭೇದಿ.
ಕೂಸಿಗಾದರೆ ರಕ್ತಕ್ಕೇ ಇಳಿಯಬಹುದು.

ಕೂಸು ಅದನ್ನು ಮುಟ್ಟೇ ಇಲ್ಲ ಡಾಕ್ಟರ್, ಅಂದೆ.
ಅವರು ತುಂಬಾ ಮೆತ್ತಗೆ:
ತೊಟ್ಟಿ ಎಲ್ಲಿ ತೊಳೀತೀರಿ?

ಅಡುಗೆಮನೆಯ ಸಿಂಕು.
ಭಾನುವಾರ. ನಾನೇ.
ಚಿಪ್ಪಿನ ಪಾಚಿಯನ್ನು ಹಳದಿ ಬ್ರಶ್ಶಿನಿಂದ ಉಜ್ಜಿ
ಅದೇ ಬ್ರಶ್ಶನ್ನು ನಲ್ಲಿಗೆ ತೂಗುಹಾಕಿ
ಅದರ ಕೆಳಗೆ
ಹಾಲಿನ ಬಾಟಲಿ ಬೋರಲು.

ಹಾವಿಗೆ ಹಾಲೆರೆದವರ ಮಾತು ಕೇಳಿ ಬೆಳೆದವಳು,
ಕೂಸಿನ ಹಾಲಿಗೆ ತೊಟ್ಟಿಯ ನೀರೆರೆದೆ.

ಹನ್ನೊಂದನೇ ದಿನ ಸೂಜಿ ಚುಚ್ಚಿದಾಗ ಅತ್ತಿತು.
ನರ್ಸು ಕೂಗಿದಳು, ನೋಡಿ, ಕಣ್ಣಲ್ಲಿ ನೀರಿದೆ!
ಅಳುವ ಮಗುವನ್ನು ನೋಡಿ ವಾರ್ಡಿಗೆ ವಾರ್ಡೇ ನಕ್ಕಿತು.

ಎದುರುಮನೆಯ ಲಿಂಗರಾಜಯ್ಯ ಸ್ಯಾಂಕಿ ಕೆರೆಗೆ ಬಿಟ್ಟುಬಿಡಿ, ಪುಣ್ಯ ಅಂದರು.
ಕೆರೆಗೂ ಒಂದು ಸಂಸಾರವಿದೆಯಲ್ಲ, ಬಿಡಲಿಲ್ಲ.
ಬೋಂಡ ಈಗ ಟೆರೇಸಿನಲ್ಲಿ. ಬೇರೆ ಬಕೆಟ್ಟು, ಬೇರೆ ನಲ್ಲಿ.
ಸೋಮವಾರ ಯಾರೋ ಬಂದು ಒಯ್ಯುತ್ತಾರಂತೆ, ಮಕ್ಕಳಿಲ್ಲದ ಜಾಗಕ್ಕೆ.
ಧಾತ್ರಿ ದೂರದಿಂದ ಟಾಟಾ ಹೇಳಿಯೂ ಕೈ ತೊಳೆಯುತ್ತಾಳೆ,
ಇಪ್ಪತ್ತರ ತನಕ ಎಣಿಸಿ, ಹದಿಮೂರು ಬಿಟ್ಟು.
ಅದು ಕತ್ತು ಚಾಚಿ ನನ್ನನ್ನು ನೋಡುತ್ತದೆ.
ಅದರದ್ದೇನು ತಪ್ಪು?
ತನ್ನ ಮನೆಯನ್ನು ತಾನೇ ಹೊತ್ತಿತ್ತು,
ನನ್ನ ಮನೆಗೆ ತಂದವಳು ನಾನು.

ನಿನ್ನೆ ಕಾಮಾಕ್ಷಿಪಾಳ್ಯಕ್ಕೆ ಹೋಗಿದ್ದೆ.
ದೊಡ್ಡತಾಯಮ್ಮ ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡಳು,
ಬ್ರಶ್ಶಿನ ತನಕ, ಪೂರ್ತಿ.
'ಬೇರೆ ಮನೆ ಸಿಕ್ಕೈತಕ್ಕ. ಐನೂರು ಜಾಸ್ತಿ.'
ತುಸು ಹೊತ್ತು ಬಿಟ್ಟು, 'ಕೂಸು ಹೆಂಗೈತೆ?'

ಫೋಟೋ ತೆಗೆದು ಫೋನು ಚಾಚಿದೆ.
ಅವಳು ಈಸಿಕೊಳ್ಳಲಿಲ್ಲ.
ಒಳಗೆ ಹೋದಳು, ಚೆಂಬಿನ ಸದ್ದು, ನೀರಿನ ಸದ್ದು.
ಎರಡೂ ಕೈ ತೊಳೆದು
ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು,
ಆಮೇಲೆ ಮುಟ್ಟಿದಳು.